ಅವ್ವನ ಹಾಡಿಗೆ ಕಟ್ಟಿದ ಮೈಕು

ಪಾರ್ವತಿನಗರ, ಬಳ್ಳಾರಿ
೧೨ ಮೇ ೨೦೨೫

ಪ್ರೀತಿಯ ತಂಗಿ ಮೀನಾಕ್ಷಿ,

ಹೇಗಿದ್ದೀಯವ್ವಾ? ಸೌಂದರ್ಯಳ ಜ್ವರ ಇಳಿಯಿತೇ? ಹಲ್ಲು ಬರುವಾಗ ಹಾಗೆಯೇ, ಹೆದರಬೇಡ ಎಂದಿದ್ದಾಳೆ ಅವ್ವ. ಗಾದಿಲಿಂಗ ಭಾವ ಆರಾಮವೇ? ನಾನಿದ್ದೇನೆ, ಅಷ್ಟೇ. ಬಳ್ಳಾರಿಯ ಬಿಸಿಲು ಒಂದು ಕಡೆ, ನಿನ್ನ ಮೈಕು ಒಂದು ಕಡೆ, ಸುಸ್ತಾಗಿ ಹೋಗಿದ್ದೇನೆ.

ಅವ್ವನ ಜೋಗುಳ ಕಳಿಸು, ನಾನು ಹಾಡುವ ಯಾವ ಹಾಡಿಗೂ ಕೂಸು ಮಲಗುವುದಿಲ್ಲ ಎಂದು ನೀನೇನೋ ಸುಲಭವಾಗಿ ಹೇಳಿದೆ. ಫೋನಿನಲ್ಲಿ ಹಿಡಿದರೆ ಅವಳ ಮೆಲುದನಿಗಿಂತ ಫ್ಯಾನಿನ ಸದ್ದೇ ಹೆಚ್ಚು. ದಿನವೂ ಆಂಪ್ಲಿಫೈಯರ್ ರಿಪೇರಿ ಮಾಡುವವನಿಗೆ ಒಂದು ಸ್ಟುಡಿಯೋ ಮೈಕು ಕಟ್ಟುವುದೇನು ಮಹಾ ಎಂದುಕೊಂಡೆ. ದನಿ ಹಿಡಿಯುವ ಬಿಲ್ಲೆ ತರಿಸಿ, ಸುತ್ತ ಸ್ಟೀಲಿನ ಜಾಲರಿ ಕೂರಿಸಿದೆ. ಮೊದಲು ಗುಂಯ್ ಎನ್ನುವ ಸದ್ದು. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು, ಅರ್ಥ್ ತಂತಿ ಮೈಕಿನ ಮೈಗೆ ಮುಟ್ಟಿಯೇ ಇರಲಿಲ್ಲ. ಅದು ಹೋದರೆ ಚಟಪಟ ಶುರು. ನನ್ನ ಬೆರಳಿನ ಬೆವರು ಒಳಗಿನ ರೆಸಿಸ್ಟರಿಗೆ ತಗುಲಿತ್ತು, ಸ್ಪಿರಿಟ್ ಹಾಕಿ ತೊಳೆದು ಒಣಗಿಸಿದೆ. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ ಮೀನಿ. ಥೂ, ಸಾಕಪ್ಪ ಸಾಕು ಎನಿಸಿತ್ತು.

ನಿನ್ನೆ ಬಾದನಹಟ್ಟಿಯ ಮನೆಗೆ ಹೋಗಿ ಪಡಸಾಲೆಯ ಕಿಟಕಿಗೆ ಕೌದಿ ಕಟ್ಟಿ ಫ್ಯಾನ್ ಬಂದ್ ಮಾಡಿದೆ. ನೀನು ಹೇಳದೆ ಕೇಳದೆ ಮದುವೆಯಾದ ಈ ನಾಲ್ಕು ವರ್ಷದಲ್ಲಿ ನಿನ್ನ ಹೆಸರು ಬಂದರೆ ಸಾಕು, ಎದ್ದು ಹೋಗುತ್ತಿದ್ದ ಅಪ್ಪ ನಿನ್ನೆ ಏಳಲಿಲ್ಲ. ನಿಮ್ಮಿಬ್ಬರ ನಡುವೆ ಓಡಾಡಿ ನನಗಂತೂ ಸಾಕಾಗಿದೆ, ಹೇಳಿಬಿಡುತ್ತೇನೆ. ಅವ್ವನನ್ನು ಮೈಕಿನ ಮುಂದೆ ಕೂರಿಸಿದ್ದೇ ತಡ, "ದಕ್ಷಿಣಕ್ಕ ಮಕ ಮಾಡಿ ಕೂಸಿನ ಹಾಡು ಹಾಡ್ತಾರೇನಲೇ? ಆಕಡಿ ಕುಂದ್ರಸು!" ಎಂದು ಅಪ್ಪ ಜೋರು ಮಾಡಿದ. ಅವ್ವ ಎದ್ದು ಮೈಕಿನ ಆಚೆ ಬದಿಗೆ ಹೋದಳು. ಅವಳು ಬಿಟ್ಟ ಚಾಪೆಯ ಮೇಲೆ ಅಪ್ಪನೇ ಕುಳಿತ. ಆ ಗದ್ದಲದಲ್ಲಿ ಮೈಕನ್ನು ತಿರುಗಿಸುವುದೇ ಮರೆತುಹೋಯಿತು. ಜಾಲರಿ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಆದರೆ ಅದಕ್ಕೆ ಚೆನ್ನಾಗಿ ಕೇಳುವುದು ಮುಂದಿನ ಕಡೆಯದು ಮಾತ್ರ. ಸದ್ದಾಗದಿರಲೆಂದು ನಾನು ಹಿತ್ತಲಿಗೆ ಹೋಗಿ ನಿಂತೆ.

ಇಲ್ಲಿಗೆ ಬಂದು ಕೇಳಿದರೆ ಅವ್ವನ ದನಿ ಬಾವಿಯೊಳಗಿಂದ ಬಂದಂತಿದೆ. ತಲೆ ಹಿಡಿದುಕೊಂಡು ಕುಳಿತೆ. ವಾಟ್ಸಾಪಿನಲ್ಲಿ ಕಳಿಸಿದರೆ ಇದ್ದಷ್ಟೂ ಹಾಳಾಗುತ್ತದೆಂದು ಪತ್ರದ ಜೊತೆ ಪೆನ್‌ಡ್ರೈವ್ ಇಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ಸೌಂದರ್ಯಳ ಗಲ್ಲಕ್ಕೆ ಮಾವನದೊಂದು ಮುತ್ತು, ಭಾವನಿಗೆ ನಮಸ್ಕಾರ. ಅವ್ವ ನಿನಗೂ ಕೂಸಿಗೂ ಅಲ್ಲಿಂದಲೇ ದೃಷ್ಟಿ ತೆಗೆದು ಹರಸಿದ್ದಾಳೆ.

ನಿನ್ನ ಅಣ್ಣ,
ಯರ್ರಿಸ್ವಾಮಿ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಇಯರ್‌ಫೋನ್ ಹಾಕಿಕೊಂಡು ಕೇಳು. ಹಾಡಿನ ಮೂರನೇ ನುಡಿಗೆ ಅಪ್ಪನ ದನಿ ನಿನ್ನ ಪಕ್ಕದಲ್ಲೇ ಕೇಳುತ್ತದೆ. ಅವ್ವನಿಗೂ ಕೇಳದಷ್ಟು ಮೆಲ್ಲಗೆ ಅಂದಿದ್ದಾನೆ: "ಬಾರವ್ವ ಮೀನಿ. ಕೂಸಿನ್ನ ಕರ್ಕಂಡು ಬಂದುಬಿಡವ್ವ. ನನಗ ಕರ್ಯಾಕ ಬಾಯಿ ಬರವಲ್ದು." ಇದು ಮೈಕಿಗೆ ಸಿಕ್ಕಿದ್ದು ಅವನಿಗೆ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಹಾಡನ್ನು ಮತ್ತೊಮ್ಮೆ ಹಿಡಿಯಬೇಕೆಂದಿದ್ದೆ, ಈಗ ಬೇಡ. ನಿಮ್ಮ ರಾರಾವಿಯಿಂದ ಬಸ್ಸು ಹತ್ತು. ಕೂಸಿಗೆ ಅವ್ವನೇ ಹಾಡಲಿ.