ಅಪ್ಪನ ಶೂವಿನಲ್ಲಿ ಇಟ್ಟ ಬಿಸಿ

ಜನವರಿ ೨೨, ಬುಧವಾರ
ಆಸ್ಪತ್ರೆಯ ಕಾರಿಡಾರ್, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲಿಗೆ, ಕ್ಷಮಿಸು. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಫೋನ್ ಮಾಡಿದಾಗಲೆಲ್ಲ "ಆರಾಮಿದೀನಿ, ಕ್ಲಾಸಿದೆ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ. ಅಳು ಬಂದರೆ ನನ್ನ ಮಾತು ತಾನಾಗಿಯೇ ಇಂಗ್ಲಿಷಿಗೆ ತಿರುಗುತ್ತದೆ, ಇಂಗ್ಲಿಷಿನಲ್ಲಿ ಹೇಳಿದ ದುಃಖ ನನಗೇ ನಾಟಕ ಅನ್ನಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹೊಟ್ಟೆಯೊಳಗಿನ ಪುಟಾಣಿ ಹೇಗಿದೆ? ಒದೆಯುತ್ತದಾ? ಇದನ್ನು ಕೂತುಕೊಂಡು ಓದು, ಭಾವ ಪಕ್ಕದಲ್ಲಿರಲಿ.

ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ಗಾಬರಿಯಾಗಬೇಡ, ಜೀವಕ್ಕೇನೂ ಅಪಾಯವಿಲ್ಲ ಅಂದಿದ್ದಾರೆ ಡಾಕ್ಟರ್. ಆದರೆ ಬಲಗಾಲಿನ ಬೆರಳುಗಳನ್ನು ಸೋಮವಾರ ತೆಗೆದರು. ಪಾದ ಉಳಿಯುತ್ತದೋ ಇಲ್ಲವೋ ಈ ವಾರ ಗೊತ್ತಾಗುತ್ತದೆ. ಇದು ನನ್ನಿಂದಲೇ ಆಯಿತು ಅಕ್ಕಾ. ಯಾರೂ ಹಾಗೆ ಹೇಳುತ್ತಿಲ್ಲ, ನಾನೇ ಹೇಳುತ್ತಿದ್ದೇನೆ. ಅಪ್ಪನ ಪಾದದ ಜತೆ ನಾವಿಬ್ಬರೂ ಇರುವ ಮನೆಯೂ ಹೋಗಿಬಿಡುತ್ತದೆ ಎನ್ನುವ ಭಯ ಬಿಡುತ್ತಿಲ್ಲ. ಓದಲು ಕೂತರೆ ಅಕ್ಷರ ಕಾಣುವುದಿಲ್ಲ.

ಈ ಮನೆಯಲ್ಲಿರುವುದೇ ಎರಡು ಕೋಣೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತದೆ. ಊರವರ ನೀರಿನ ಮೀಟರ್ ಓದುವ ಅಪ್ಪನಿಗೆ ಸ್ವಂತ ನಲ್ಲಿಗೊಂದು ವಾಷರ್ ಹಾಕಲು ಪುರುಸೊತ್ತಿಲ್ಲ! ಆದರೂ ಹಾಸ್ಟೆಲಿನಿಂದ ಹಾಸ್ಟೆಲಿಗೆ ಉರುಳಿಕೊಂಡೇ ಬೆಳೆದ ನನಗೆ ಅದು ಅರಮನೆ. ಗಂಟೆ ಹೊಡೆಯದಿದ್ದರೂ ಊಟ ಮಾಡಬಹುದು. ಮಲಗಿದಾಗ ಗೋಡೆಯಾಚೆ ಒಬ್ಬರು ಕೆಮ್ಮುತ್ತಾರೆ, ಅವರು ನಮ್ಮವರು. ಕಾಲೇಜು ಇದೇ ಊರಿನಲ್ಲಿ ಸಿಕ್ಕಿದೆ ಎಂದಾಗ ನಾನು ಕುಣಿದದ್ದು ಸೀಟಿಗಲ್ಲ.

ಆದರೆ ಅಪ್ಪನ ಹತ್ತಿರ ಏನು ಮಾತಾಡುವುದು ಅಂತಲೇ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಮನೆಮನೆಗೆ ಹೋಗಿ ಮೀಟರಿಗೆ ಬಗ್ಗಿ, ನಂಬರ್ ಬರೆದುಕೊಂಡು, ಗೇಟು ಮುಚ್ಚಿ ಬರುವ ಅಭ್ಯಾಸ ಅವರದ್ದು. ಮನೆಗೆ ಬಂದರೂ ಅಷ್ಟೇ. ನನ್ನ ಮುಖಕ್ಕೆ ಒಮ್ಮೆ ಬಗ್ಗಿ ನೋಡಿ, ರೀಡಿಂಗ್ ತಗೊಂಡವರ ಹಾಗೆ ಒಳಗೆ ಹೋಗಿಬಿಡುತ್ತಿದ್ದರು. ಚಳಿ ಶುರುವಾದ ಮೇಲೆಯೇ ನಮಗೊಂದು ಸಬ್ಜೆಕ್ಟ್ ಸಿಕ್ಕಿದ್ದು. ಕಾಲು.

ಆವತ್ತು ನಾನು ಮೂರು ಜತೆ ಕಾಲುಚೀಲ ತುರುಕಿಕೊಂಡು ಸೈಕಲ್ ಹತ್ತಿದ್ದೆ. ಕಾಲೇಜಿನ ಗೇಟಿನಲ್ಲಿ ಇಳಿದರೆ ಪಾದಗಳಿರಬೇಕಾದ ಜಾಗದಲ್ಲಿ ಎರಡು ಮರದ ತುಂಡು. ಬೆಂಚಿನ ಕೆಳಗೆ ಶೂ ಬಿಚ್ಚಿ ಬೆರಳು ಉಜ್ಜುತ್ತಿದ್ದಾಗ ಲೆಕ್ಚರರ್ ಹೆಸರು ಹಿಡಿದು ಪ್ರಶ್ನೆ ಕೇಳಿದರು, ಬರಿಗಾಲಲ್ಲಿ ಎದ್ದು ನಿಂತೆ. ಕ್ಲಾಸೇ ನಕ್ಕಿತು. ಸಂಜೆ ಮನೆಗೆ ಬಂದು ಅತ್ತುಬಿಟ್ಟೆ. ಅಪ್ಪ ನನ್ನ ಶೂ ಕೈಗೆತ್ತಿಕೊಂಡರು.

"ಮೂರು ಜತೆ ತುರುಕಿದ್ಯಾ? ಬಿಗಿ ಮಾಡಿದ್ರೆ ರಕ್ತ ಓಡಾಡೋದು ಹೇಗಮ್ಮ? ಬೆರಳಿಗೆ ಕುಣಿಯೋಕೆ ಜಾಗ ಇರ್ಬೇಕು. ಒಂದೇ ಜತೆ, ಉಣ್ಣೇದು."

"ಗಾಳಿ ನುಗ್ಗತ್ತಲ್ಲ ಅಪ್ಪ?"

"ಅದಕ್ಕೆ ಮೇಲೊಂದು ಪ್ಲಾಸ್ಟಿಕ್ ಚೀಲ. ಹಾಲಿನ ಕವರಾದ್ರೂ ಆಯ್ತು. ಏರು ಬಂದ್ರೆ ಇಳಿದು ತಳ್ಳು, ದೊಡ್ಡಸ್ತಿಕೆ ಬೇಡ. ನಡೆದ್ರೆ ಕಾಲಿಗೆ ಜೀವ ಬರತ್ತೆ."

ನನ್ನ ಜೀವಮಾನದಲ್ಲಿ ಅಪ್ಪ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮರುದಿನ ನೋಡಿದರೆ ನನ್ನ ಪೆಡಲಿನ ಕಬ್ಬಿಣಕ್ಕೆ ಹಳೇ ಟ್ಯೂಬ್ ಸುತ್ತಿತ್ತು. ಆಮೇಲೆ ಸಂಜೆಯಾದರೆ ಅದೇ ನಮ್ಮ ಕೆಲಸ. ಪಕ್ಕಪಕ್ಕದಲ್ಲಿ ಕೂತು ನಾಲ್ಕು ಶೂಗಳ ಒಳಗಿನ ಅಟ್ಟೆ ತೆಗೆದು ಒಣಗಲು ಇಡುವುದು, ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುಂಬುವುದು. ಇಂಟರ್ನಲ್ಸ್, ಅಟೆಂಡೆನ್ಸ್, ನನ್ನ ಸಾವಿರ ಟೆನ್ಷನ್, ಎಲ್ಲವನ್ನೂ ಪೇಪರ್ ಉಂಡೆ ಕಟ್ಟುತ್ತಲೇ ಹೇಳಿದ್ದೇನೆ. ಅಪ್ಪ "ಹೂಂ, ಹೂಂ" ಅನ್ನುತ್ತಿದ್ದರು.

"ನಿಮಗೆ ಚಳಿ ಆಗಲ್ವಾ ಅಪ್ಪ? ದಿನವಿಡೀ ಸೈಕಲ್ ಮೇಲೇ ಇರ್ತೀರಲ್ಲ?" ಎಂದು ಒಂದು ಸಂಜೆ ಕೇಳಿದೆ.

"ನನ್ನ ಕಾಲಿಗೆ ಚಳಿ ಅಂದ್ರೇನು ಅಂತ್ಲೇ ಗೊತ್ತಿಲ್ಲ ಬಿಡು."

ನಾನದನ್ನು ಜಂಬ ಅಂದುಕೊಂಡೆ ಅಕ್ಕಾ. ನನ್ನನ್ನು ನಗಿಸಲು ಹೇಳಿದ್ದು ಅಂದುಕೊಂಡೆ.

ಸೈಕಲ್ ಅಂಗಡಿಯಲ್ಲಿ ಪುಟ್ಟ ಪ್ಯಾಕೆಟ್‌ಗಳು ಸಿಗುತ್ತವೆ. ಹೊರಗಿನ ಕವರ್ ಹರಿದು ಗಾಳಿ ತಾಗಿದರೆ ಸಾಕು, ಸಂಜೆಯವರೆಗೂ ಬಿಸಿಯಾಗಿರುತ್ತವೆ. ಶೂ ಒಳಗೆ ಇಟ್ಟುಕೊಳ್ಳುವುದು. ಒಂದು ಡಬ್ಬಿ ಅಪ್ಪನಿಗೇ ಅಂತ ತೆಗೆದುಕೊಂಡು ಬಂದೆ. ಡಬ್ಬಿಯ ಮೇಲಿದ್ದುದೆಲ್ಲ ಇಂಗ್ಲಿಷು. ನಾನೇ ಕನ್ನಡ ಮಾಡಿ ಓದಿ ಹೇಳಿದೆ. ಬರಿ ಚರ್ಮಕ್ಕೆ ತಾಗಬಾರದು, ದಪ್ಪ ಕಾಲುಚೀಲದ ಮೇಲೆ ಇಡಬೇಕು, ಬಿಸಿ ಜಾಸ್ತಿ ಅನ್ನಿಸಿದರೆ ತೆಗೆಯಬೇಕು. ಕೊನೆಯ ಸಾಲಿನಲ್ಲಿ ಸಕ್ಕರೆ ಕಾಯಿಲೆಯವರು ಬಳಸಬಾರದು ಎಂದಿತ್ತು. ಅದು ನಮಗಲ್ಲವಲ್ಲ ಎಂದು ಅದೊಂದನ್ನು ಓದಲಿಲ್ಲ.

ಅಪ್ಪ ಬೇಡಬೇಡ ಅನ್ನುತ್ತಲೇ ಇಟ್ಟುಕೊಂಡರು. ಶೂ ಬಿಗಿಯಾಯಿತು. ಬೆರಳಿಗೆ ಕುಣಿಯಲು ಜಾಗ ಬೇಕಲ್ಲ, ಉಣ್ಣೆಯದನ್ನು ಬಿಚ್ಚಿ ತೆಳ್ಳನೆಯ ಹಳೇ ಕಾಲುಚೀಲ ಹಾಕಿಕೊಂಡರು. ನನ್ನ ಕಣ್ಣೆದುರಿಗೇ. ಅದು ಅವರದೇ ರೂಲು, ಸರಿಯಾಗಿದೆ ಅನ್ನಿಸಿತು. ಸಂಜೆ ಬಂದಾಗ "ಹೇಗಿತ್ತಪ್ಪ?" ಎಂದೆ. "ಫಸ್ಟ್ ಕ್ಲಾಸ್!" ಎಂದರು, ಇಂಗ್ಲಿಷಿನಲ್ಲಿ. ಆಮೇಲೆ ದಿನಾ ಬೆಳಿಗ್ಗೆ ನಾನೇ ಪ್ಯಾಕೆಟ್ ಹರಿದು ಅವರ ಶೂ ಒಳಗೆ ಇಡುತ್ತಿದ್ದೆ. ಯಾರಿಗೋ ಟಿಫಿನ್ ಕಟ್ಟಿಕೊಟ್ಟಷ್ಟು ಖುಷಿ. ನನ್ನ ಕೈಯಿಂದ ಮನೆಯವರೊಬ್ಬರಿಗೆ ಏನಾದರೂ ಆಗುತ್ತಿದೆಯಲ್ಲ ಅಂತ.

ಒಂದು ಸಂಜೆ ಅವರ ಬಲಗಾಲಿನ ಶೂವಿನ ಅಟ್ಟೆ ತೆಗೆದರೆ ಒದ್ದೆಯಾಗಿತ್ತು.

"ನೀರಿಗೆ ಇಳಿದಿದ್ರಾ ಅಪ್ಪ?"

"ಇಲ್ವಲ್ಲ."

ವಾಸನೆ ಬಂತು. ಕಾಲುಚೀಲ ಬೆರಳುಗಳಿಗೆ ಅಂಟಿಕೊಂಡಿತ್ತು. ನಾನು ಎಳೆದೆ. ಅದರ ಜತೆಗೆ ಬಂದದ್ದೇನು ಅಂತ ನಿನಗೆ ಬರೆಯುವುದಿಲ್ಲ, ಈಗ ನೀನು ಅಂಥದ್ದನ್ನು ಓದಬಾರದು. ಅಪ್ಪ ಹಾ ಅನ್ನಲಿಲ್ಲ, ಹೂ ಅನ್ನಲಿಲ್ಲ. ತಮ್ಮ ಕಾಲನ್ನೇ ಇನ್ಯಾರದೋ ಮನೆಯ ಕೆಟ್ಟುಹೋದ ಮೀಟರಿನ ಹಾಗೆ ಬಗ್ಗಿ ನೋಡಿದರು.

ಇಲ್ಲಿಗೆ ಬಂದಾಗ ನರ್ಸ್ ಕೇಳಿದರು, "ಎಷ್ಟು ವರ್ಷದಿಂದ ಶುಗರ್ ಇದೆ?" ಅಪ್ಪ ಒಮ್ಮೆ ನನ್ನ ಕಡೆ ನೋಡಿ, ಮೆಲ್ಲಗೆ ಉತ್ತರ ಹೇಳಿದರು. ಪಾದದಲ್ಲಿ ಸ್ಪರ್ಶ ಹೋಗಿಯೂ ಬಹಳ ಕಾಲವಾಗಿದೆಯಂತೆ. ಬಿಸಿಯೂ ತಿಳಿಯದು, ಚಳಿಯೂ ತಿಳಿಯದು. ನಿನಗೆ ಗೊತ್ತಿತ್ತಂತೆ ಅಕ್ಕಾ. ಭಾವನಿಗೂ ಗೊತ್ತಿತ್ತಂತೆ. ಹಾಸ್ಟೆಲ್ ಹುಡುಗಿಗೆ ಮಾತ್ರ "ಪರೀಕ್ಷೆ ಮುಗೀಲಿ, ಆಮೇಲೆ ಹೇಳಿದ್ರಾಯ್ತು." ಅಮ್ಮ ತೀರಿಕೊಂಡಾಗಲೂ ಹಾಗೇ ಮಾಡಿದಿರಿ. ನಾನು ಗಣಿತದ ಪೇಪರ್ ಬರೆದು ಬಂದ ಮೇಲೆ ಹೇಳಿದಿರಿ. ನಿನ್ನ ಮೇಲೆ ಸಿಟ್ಟಿಲ್ಲ. ಇದೆ, ಸ್ವಲ್ಪ. ಒಂದೇ ಒಂದು ಮಾತು ಗೊತ್ತಿದ್ದಿದ್ದರೆ ಆ ಕೊನೆಯ ಸಾಲು ಓದುತ್ತಿದ್ದೆನಲ್ಲ.

"ಯಾರ್ರೀ ಇದನ್ನ ಇಡೋಕೆ ಹೇಳಿದ್ದು?" ಎಂದು ನರ್ಸ್ ಪ್ಯಾಕೆಟ್ ಎತ್ತಿ ತೋರಿಸಿ ರೇಗಿದರು. ಅಪ್ಪ ಪದಕ ತೋರಿಸುವವರ ಹಾಗೆ, "ನನ್ನ ಮಗಳು ಇಟ್ಟಿದ್ದು" ಎಂದರು.

ಅಪ್ಪನ ಜತೆ ಕೆಲಸ ಮಾಡುವ ವಾಲ್ವ್ ಮಾಮ ದಿನಾ ಬರುತ್ತಾರೆ. ಬೀದಿಬೀದಿಯ ನೀರು ಬಿಟ್ಟು ನಿಲ್ಲಿಸುವುದು ಅವರ ಕೆಲಸ, ಬಾಯಿಗೆ ಮಾತ್ರ ವಾಲ್ವಿಲ್ಲ. "ಏನಯ್ಯಾ, ಊರವರ ಲೀಕೆಲ್ಲ ಹುಡುಕ್ತೀಯ, ನಿನ್ನ ಕಾಲು ಸೋರಿದ್ದು ಗೊತ್ತಾಗ್ಲಿಲ್ವಾ?" ಎಂದರು. ಅಪ್ಪ ಹೊಟ್ಟೆ ಹಿಡಿದು ನಕ್ಕರು. ನಾನು ಎದ್ದು ಹೊರಗೆ ಹೋದೆ.

ನಿನ್ನೆ ತಡೆಯಲಾಗದೆ ಕೇಳಿಯೇಬಿಟ್ಟೆ. "ನನ್ನನ್ನ ಒಂದು ಸಲ ಬೈಯಿರಿ ಅಪ್ಪ."

"ಯಾಕಮ್ಮ?"

"ಸುಮ್ನೆ. ಬೈಯಿರಿ."

ಅಪ್ಪ ಯೋಚನೆ ಮಾಡಿದರು. "ನಿನ್ನನ್ನ ಬೈದು ನಂಗೆ ಅಭ್ಯಾಸ ಇಲ್ವಲ್ಲಮ್ಮ," ಎಂದರು.

ಬೈಯುವುದಕ್ಕೂ ಜತೆಯಲ್ಲಿ ಬಾಳಿರಬೇಕು ಅಕ್ಕಾ. ಅದೂ ನಮಗೆ ದಕ್ಕಲಿಲ್ಲ.

ಮನೆ, ಆಸ್ಪತ್ರೆ, ಕಾಲೇಜು ಎಂದು ಸೈಕಲ್ ತುಳಿಯುತ್ತಿದ್ದೇನೆ. ಹಾಲಿನ ಕವರ್ ಸುತ್ತಿಕೊಳ್ಳಲು ಮನಸ್ಸು ಬರುವುದಿಲ್ಲ. ಚಳಿಗೆ ಬೆರಳು ಚುಚ್ಚತೊಡಗಿದರೂ ಇಳಿದು ನಡೆಯುವುದಿಲ್ಲ, ಚುಚ್ಚಲಿ ಎಂದು ತುಳಿಯುತ್ತೇನೆ. ಇದರಿಂದ ಯಾರಿಗೂ ಏನೂ ಉಪಯೋಗವಿಲ್ಲ ಎಂದು ನನಗೂ ಗೊತ್ತು.

ನೀನು ಹೊರಟು ಬರಬೇಡ. ಈ ಸ್ಥಿತಿಯಲ್ಲಿ ಅಷ್ಟು ದೂರ ಬೇಡವೇ ಬೇಡ, ಅಪ್ಪನೂ ಅದನ್ನೇ ಹೇಳಿದರು. ಭಾವನಿಗೆ ನಮಸ್ಕಾರ. ನಿನ್ನ ಹೆರಿಗೆ ಹೂ ಎತ್ತಿದಷ್ಟು ಸುಲಭವಾಗಲಿ. ಪುಟಾಣಿ ನಿನ್ನ ಮಡಿಲಲ್ಲೇ ದೊಡ್ಡದಾಗಲಿ.

ನಿನ್ನ ಹಿಂದೆಯೇ ಸುತ್ತುತ್ತಿದ್ದ
ಬಾಲಂಗೋಚಿ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡು, ಕಾಲೇಜಿನ ಹಾಸ್ಟೆಲಿನಲ್ಲಿ ಒಂದು ಸೀಟಿಗೆ ವಾಲ್ವ್ ಮಾಮನ ಕೈಲಿ ಹೇಳಿಸಿದ್ದೇನೆ ಎಂದರು. "ನನ್ನ ಕಾಲು ಹೀಗಾಯ್ತು, ನಿನ್ನ ನೋಡ್ಕೊಳೋರು ಯಾರು? ನಿಂಗೂ ಹಾಸ್ಟೆಲ್ ಅಂದ್ರೆ ಅಭ್ಯಾಸ ಇದೆಯಲ್ಲ" ಎಂದರು. ನಾನೆಲ್ಲಿಗೂ ಹೋಗಲ್ಲ, ನಿಮ್ಮನ್ನ ನಾನು ನೋಡ್ಕೋತೀನಿ ಎಂದು ಕಿರುಚಬೇಕಿತ್ತು. ಚಿಕ್ಕಂದಿನಿಂದ ಕಲಿತ ಬಾಯಿ, "ಸರಿ ಅಪ್ಪ, ಯಾವತ್ತು ಹೋಗ್ಬೇಕು?" ಎಂದಿತು. ಅಪ್ಪ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ "ಭಾನುವಾರ" ಎಂದು ಗೋಡೆಯ ಕಡೆ ತಿರುಗಿಕೊಂಡರು. ನಾನು ಇಲ್ಲ ಅನ್ನಲಿ ಅಂತ ಕಾಯ್ತಿದ್ರಾ ಅಕ್ಕಾ? ನಿನಗೆ ಅವರು ಗೊತ್ತು. ನನಗೆ ಗೊತ್ತಾಗುವುದಿಲ್ಲ.