ಸಿಡ್ಲನಿಗೊಂದು ಠಾವು

ಮುಕ್ಕಾಂ ಹಾನಗಲ್, ೧೯೩೮

ತಿಳವಳ್ಳಿಯ ಕುರಿಗಾರ ದ್ಯಾಮಪ್ಪನವರಿಗೆ ನಾಟಕ ಕಂಪನಿಯ ಚನ್ನವೀರಪ್ಪನ ಶರಣು.

ಸವಣೂರಿನ ಸಂತೆಯಲ್ಲಿ ಕಲ್ಲೇಟಿನಿಂದ ನಾನು ಬಿಡಿಸಿ ತಂದ ಸಿಡ್ಲ ಎಂಬ ನಾಯಿಯನ್ನು ತಾವು ಸಾಕಿಕೊಳ್ಳಬೇಕು. ಮೊದಲೇ ಹೇಳಿಬಿಡುತ್ತೇನೆ, ಈ ವೀರಾಧಿವೀರನಿಗೆ ಕುಳಿತು ಗೊತ್ತಿಲ್ಲ! ಹಗ್ಗ ಕಡಿಯುತ್ತಾನೆ, ಪರದೆ ಹರಿಯುತ್ತಾನೆ. ಶಿಗ್ಗಾವಿಯ ಬಟ್ಟೆ ಅಂಗಡಿಯವರು ಒಯ್ದವರು, "ಇದು ನಾಯಿ ಅಲ್ರಿ, ಬಿರುಗಾಳಿ!" ಎಂದು ಎರಡೇ ದಿನಕ್ಕೆ ತಂದು ಬಿಟ್ಟುಹೋದರು. ತಮ್ಮ ಕುರಿಗಳ ಜೊತೆ ದಿನವಿಡೀ ಅಲೆದರೆ ಮಾತ್ರ ತಣ್ಣಗಾದಾನು. ಕುರಿಗಳಿಗೆ ಬಾಯಿ ಹಾಕುವುದಿಲ್ಲ, ನೋಡಿದ್ದೇನೆ.

ಮೊನ್ನೆ ಆಟದಲ್ಲಿ ದುಶ್ಶಾಸನನಾಗಿ ನಾನು ದ್ರೌಪದಿಯ ಸೀರೆಗೆ ಕೈ ಹಾಕಿದೆ. ದ್ರೌಪದಿ ವೇಷದ ಬಸವಣ್ಣೆಪ್ಪ ಗೋಳಿಟ್ಟ. ಸಿಡ್ಲ ರಂಗಕ್ಕೆ ಹಾರಿ ನನ್ನ ತೊಡೆಗೆ ಬಾಯಿ ಹಾಕಿದ. ಮಾಲೀಕರು, "ಸೋಮವಾರ ಹಿರೇಕೆರೂರಿಗೆ ಹೊರಡೂದ್ರೊಳಗ ಇದನ್ನ ಸಾಗಹಾಕು, ಇಲ್ಲಾಂದ್ರ ಹೊಡಿಸಿ ಹಾಕ್ತೇನಿ" ಅಂದಿದ್ದಾರೆ.

ಆದ್ದರಿಂದ ಭಾನುವಾರದೊಳಗೆ ಬನ್ನಿ. ಅವನೆದುರು ಯಾರ ಮೇಲೂ ಕೈ ಎತ್ತಬೇಡಿ, ಅಷ್ಟೇ ಷರತ್ತು. ನನಗೇನೂ ಸಿಟ್ಟಿಲ್ಲ. ಹದಿನಾಲ್ಕು ವರ್ಷದಿಂದ ಊರೂರಲ್ಲಿ ಆ ಸೀರೆ ಎಳೆದಿದ್ದೇನೆ. ದ್ರೌಪದಿಯನ್ನು ಬಿಡಿಸಲು ಎದ್ದು ಬಂದವನು ಇವನೊಬ್ಬನೇ.

ಇಂತಿ,
ಸದ್ಯ ಕುಂಟುತ್ತಿರುವ ದುಶ್ಶಾಸನ,
ಚನ್ನವೀರಪ್ಪ