ಉಜ್ಜಿದವಳು ನಾನು

ಪ್ರೀತಿಯ ತಮ್ಮನಿಗೆ,

'ಪ್ರೀತಿಯ' ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ. ಇರಲಿ ಬಿಡು, ಮುಂದೆ ಓದುತ್ತಾ ಹೋದರೆ ಅಂಥ ಮಾತು ಕಡಿಮೆ.

ನೀನು ಕಳಿಸಿದ ಹಾಳೆ ಸೋಮವಾರ ಬಂತು. ನಿನ್ನ ಪ್ರಯೋಗ ನಡೆದದ್ದು ಹೇಗೆ ಎಂದು ನಿನ್ನ ಸಂಸ್ಥೆಯವರು ವಿವರ ಕೇಳಿದ್ದಾರಂತೆ. 'ಸಂಶೋಧಕರ ಸೂಚನೆಯಂತೆ ಎಂಟು ಕರ್ಲಿಂಗ್ ಕಲ್ಲುಗಳ ತಳವನ್ನು ನಾನು ನುಣುಪು ಮಾಡಿದೆ' ಎಂಬ ಟೈಪು ಮಾಡಿದ ಸಾಲಿನ ಕೆಳಗೆ ನಾನು ಸಹಿ ಹಾಕಬೇಕಂತೆ. ಜೊತೆಗೊಂದು ಚೀಟಿ: 'ಅಕ್ಕಾ, ಸುಮ್ನೆ ಒಂದು ಸೈನ್ ಅಷ್ಟೆ, ಬೇಗ ಕಳ್ಸು.' ಹೇಗಿದ್ದೀಯ ಎಂದು ಕೇಳುವುದಕ್ಕೆ ಅದರಲ್ಲಿ ಜಾಗ ಸಾಲಲಿಲ್ಲವೇನೋ.

ನಿನ್ನ ಪ್ರಯೋಗ ನಡೆದಾಗ ನಾನು, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಆ ಕರ್ಲಿಂಗ್ ಕ್ರೀಡಾಂಗಣದ ಕೆಲಸಕ್ಕೆ ಸೇರಿ ಐದು ತಿಂಗಳು. ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಮಂಜುಗಡ್ಡೆಯ ಮೇಲೆ ಹನಿ ಚಿಮುಕಿಸುವವಳು. ಬಿದ್ದ ಹನಿ ಅಲ್ಲೇ ಹೆಪ್ಪುಗಟ್ಟಿ ಸಣ್ಣ ಉಬ್ಬಾಗುತ್ತದೆ, ಅದರ ಮೇಲೆ ಕಲ್ಲು ಜಾರುತ್ತದೆ. ನಿನ್ನ ಪ್ರಯೋಗಕ್ಕೆ ಅಂಗಳ ಬಿಟ್ಟುಕೊಡಿ ಎಂದು ಮ್ಯಾನೇಜರ್ ಮುಂದೆ ಹಲ್ಲುಗಿಂಜಿದವಳೂ ನಾನೇ.

ನನ್ನ ಅಡುಗೆಮನೆ ಮೇಜಿನ ಮೇಲೆ ಲೋಟ ಬೋರಲು ಹಾಕಿ ನೀನು ಪಾಠ ಮಾಡಿದ್ದೆ. ಬಲಕ್ಕೆ ತಿರುಗಿಸಿ ತಳ್ಳಿದರೆ ಲೋಟ ಎಡಕ್ಕೆ ಹೋಯಿತು. 'ನೋಡಕ್ಕಾ, ಮುಂದಿನ ಅಂಚು ಜಾಸ್ತಿ ಒತ್ತುತ್ತೆ, ಅದಕ್ಕೇ ಹೀಗೆ. ಆದ್ರೆ ನಿನ್ನ ಕಲ್ಲು ಬಲಕ್ಕೆ ತಿರುಗಿಸಿದ್ರೆ ಬಲಕ್ಕೇ ಬಾಗುತ್ತೆ! ಮಂಜು ಕರಗಿ ನೀರಾಗೋದ್ರಿಂದಲೇ ಹಾಗಾಗೋದು, ತೋರಿಸ್ತೀನಿ ನೋಡು.' ಕಲ್ಲು ಮಂಜಿನ ಮೇಲೆ ಗೀರುವ ಗೆರೆಗಳೇ ಅದನ್ನು ಬಾಗಿಸುತ್ತವೆ ಎನ್ನುವವರೂ ಇದ್ದರು. ಅವರ ಮಾತು ಬಂದರೆ ನೀನು ಮೂಗು ಮುರಿಯುತ್ತಿದ್ದೆ.

ನಿನ್ನ ಮೇಷ್ಟ್ರುಗಳು ನೋಡಲು ಬರುತ್ತಾರೆ ಎಂದು ನೀನು ಹೇಳಿದ್ದೆ. ಕಲ್ಲು ಮಗುಚಿ ನೋಡಿದರೆ, ನೆಲ ಮುಟ್ಟುವ ಬಳೆಯಂಥ ಪಟ್ಟಿ ತರಿತರಿಯಾಗಿತ್ತು. ಅದು ಹಾಗೇ ಇರಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ನೆಂಟರು ಬರುವ ಮುಂಚೆ ಪಾತ್ರೆ ಬೆಳಗುವವಳಲ್ಲವೇ ನಾನು? ಒಂದೊಂದೂ ಇಪ್ಪತ್ತು ಕಿಲೋ ತೂಗುವ ಎಂಟು ಕಲ್ಲು. ಎರಡು ದಿನ ಕೂತು, ನುಣ್ಣನೆ ಉಜ್ಜುಕಾಗದ ಸವೆಸಿ, ಕೈ ಹಾಕಿದರೆ ಜಾರುವಂತೆ ಮಾಡಿದೆ. ನಿನ್ನ ಮಾನ ಉಳಿಯಲಿ ಎಂದು, ತಮ್ಮಾ.

ಮಾರನೆಯ ಮಧ್ಯಾಹ್ನ ಮೇಷ್ಟ್ರುಗಳೆಲ್ಲ ಸಾಲಾಗಿ ನಿಂತಿದ್ದಾಗ ನೀನು ತಳ್ಳಿದ ಕಲ್ಲು ಬಾಗಲೇ ಇಲ್ಲ, ನೆಟ್ಟಗೆ ಹೋಯಿತು. ಎರಡನೆಯದೂ ಅಷ್ಟೆ, ಎಂಟನೆಯದೂ ಅಷ್ಟೆ. ನಾನು ಉಜ್ಜಿದ ವಿಷಯ ಗೊತ್ತಾದಾಗ ಅಷ್ಟೂ ಜನರ ಮುಂದೆ ನೀನು ಕೂಗಿದೆ: 'ತಲೆ ಇದೆಯಾ ನಿಂಗೆ? ನೀರು ಚಿಮುಕ್ಸೋಳು ನೀರು ಚಿಮುಕ್ಸು, ಬೇರೇದಕ್ಕೆ ಕೈ ಹಾಕ್ಬೇಡ!' ಒಬ್ಬರು ನಕ್ಕರು. ನಾನು ಪಂಪಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನಿನಗೆ ಬುದ್ಧಿ ಬಂದದ್ದು ವಾರದ ಮೇಲೆ. ನುಣುಪಾದರೂ ಮಂಜು ಕರಗಲೇಬೇಕಲ್ಲ, ಮತ್ತೆ ಯಾಕೆ ಬಾಗಲಿಲ್ಲ? ತರಿಯಾದ ಮುಂದಿನ ಅಂಚು ಓರೆಯಾಗಿ ಗೆರೆ ಗೀರಿದರೆ, ಹಿಂದಿನ ಅಂಚು ಆ ಗೆರೆಗಳಿಗೆ ಸಿಕ್ಕಿ ಆ ಕಡೆ ವಾಲುತ್ತದೆ ಎಂದು ನೀನು ಪ್ರಬಂಧ ಬರೆದೆ. ಹೆಸರು ಬಂತು, ಹುದ್ದೆ ಬಂತು. ಆಮೇಲಾದರೂ 'ಅಕ್ಕಾ, ಅವತ್ತು ತಪ್ಪಾಯ್ತು' ಎನ್ನಬಹುದಿತ್ತು. ಆರು ವರ್ಷ ಕಾದೆ. ಬಂದದ್ದು ಈ ಹಾಳೆ.

ನಿನ್ನ ಪ್ರಬಂಧದಲ್ಲಿ ನನ್ನ ಹೆಸರಿಲ್ಲ ಎಂದು ನನಗೇನೂ ಹೊಟ್ಟೆಯುರಿಯಿಲ್ಲ. ಆದರೆ ನಿನ್ನ ಸೂಚನೆಯಂತೆ ಉಜ್ಜಿದ್ದರೆ ನೀನು ನನಗೆ ಬೈದದ್ದೇಕೆ? ಈ ಹಾಳೆಗೆ ಸಹಿ ಹಾಕಿದರೆ ಆ ಮಧ್ಯಾಹ್ನ ನಡೆದೇ ಇಲ್ಲ ಎಂದಾಗುತ್ತದೆ. ಬೈಗುಳ ನನಗೆ ಕೊಟ್ಟು ತಪ್ಪನ್ನು ನೀನಿಟ್ಟುಕೊಳ್ಳುತ್ತೀಯಾ? ನನ್ನ ಬದುಕಿನಲ್ಲಿ ಒಂದೇ ಒಂದು ತಪ್ಪು ಲೋಕಕ್ಕೆ ಉಪಯೋಗವಾಯಿತು, ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

'ಸಂಶೋಧಕರ ಸೂಚನೆಯಂತೆ' ಎಂಬುದನ್ನು ಹೊಡೆದುಹಾಕಿ, 'ಯಾರೂ ಹೇಳದೆ, ಏನೂ ತಿಳಿಯದೆ' ಎಂದು ಬರೆದು, ಸಹಿ ಮಾಡಿ ಸಂಸ್ಥೆಗೇ ನೇರವಾಗಿ ಅಂಚೆಗೆ ಹಾಕಿದ್ದೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವರು ಓದಿರುತ್ತಾರೆ.

ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನಾಗಿ ಕರೆಯುವ ತನಕ ಮನೆ ಕಡೆ ಬರಬೇಡ.

ಇಂತಿ,
ಯಾರ ಅಪ್ಪಣೆಯೂ ಇಲ್ಲದೆ ಉಜ್ಜಿದ
ನಿನ್ನ ಅಕ್ಕ